ಕಟ್ಟುವುದಾದರೆ ಗುಡ್ಡದ ಕೆಳಗೆ ಕಟ್ಟಿ

ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ ದುಡ್ಡು ಬಂದಿದೆ. 2024ರ ನವೆಂಬರಿನಲ್ಲಿ ಕೇಂದ್ರ ಪ್ರವಾಸೋದ್ಯಮ ಸಚಿವಾಲಯ ಗುಡ್ಡದ ಅಭಿವೃದ್ಧಿಗೆ 100 ಕೋಟಿ ರೂಪಾಯಿ ಮಂಜೂರು ಮಾಡಿತು. ಅದೇ ವರ್ಷ ನಮ್ಮ ರಾಜ್ಯ ಸರ್ಕಾರ ರೇಣುಕಾ ಯಲ್ಲಮ್ಮ ಕ್ಷೇತ್ರಕ್ಕೆಂದೇ ಒಂದು ಪ್ರವಾಸೋದ್ಯಮ ಅಭಿವೃದ್ಧಿ ಮಂಡಳಿಯ ಕಾಯ್ದೆಯನ್ನೂ ತಂದಿತು. ಬೈಲಹೊಂಗಲದ ಬಸ್ ಸ್ಟ್ಯಾಂಡಿನ ಎದುರು ಚಹಾದಂಗಡಿಯಲ್ಲಿ ಕೂತರೆ ಈಗ ಇದೇ ಮಾತು. ಎಷ್ಟು ಖೋಲಿ, ಎಷ್ಟು ಮಜಲು, ಎಷ್ಟು ಮಳಿಗೆ, ಪಾರ್ಕಿಂಗಿಗೆ ಎಷ್ಟು ಎಕರೆ. ಏನೇನು ಕಟ್ಟುತ್ತಾರೆ ಅಂತ ಎಲ್ಲರೂ ಕೇಳುತ್ತಾರೆ. ಎಲ್ಲಿ ಕಟ್ಟುತ್ತಾರೆ ಅಂತ ಕೇಳುವವರನ್ನು ನಾನು ಇನ್ನೂ ಕಂಡಿಲ್ಲ. ಅದಕ್ಕೇ ಈ ಬರಹ.

ನಾನು ಸಾರಿಗೆ ಸಂಸ್ಥೆಯಲ್ಲಿ ಮೊದಲು ಕಂಡಕ್ಟರ್, ಆಮೇಲೆ ಟ್ರಾಫಿಕ್ ಕಂಟ್ರೋಲರ್ ಆಗಿ ದುಡಿದು ನಿವೃತ್ತನಾದವನು. ಬನದ ಹುಣ್ಣಿಮೆ, ಭರತ ಹುಣ್ಣಿಮೆ ಬಂತೆಂದರೆ ಸುತ್ತಲಿನ ಡಿಪೋಗಳಿಂದ ಜಾತ್ರೆ ಸ್ಪೆಷಲ್ ಬಸ್ಸು ಬಿಡುತ್ತಿದ್ದರು, ನಮ್ಮನ್ನು ಗುಡ್ಡದ ಡ್ಯೂಟಿಗೆ ಹಾಕುತ್ತಿದ್ದರು. ಕೊರಳಲ್ಲಿ ಸೀಟಿ, ಬಗಲಲ್ಲಿ ಟ್ರಿಪ್ ಬರೆಯುವ ಪುಸ್ತಕ, ತಲೆ ಮೇಲೆಲ್ಲ ಭಂಡಾರದ ಪುಡಿ. ಆ ಗುಡ್ಡಕ್ಕೆ ಜನ ಹೇಗೆ ಬರುತ್ತಾರೆ, ಎಲ್ಲಿ ನಿಲ್ಲುತ್ತಾರೆ, ಎಲ್ಲಿ ಸಿಕ್ಕಿಬೀಳುತ್ತಾರೆ ಎಂಬುದು ನನಗೆ ಕಾಗದದಿಂದ ತಿಳಿದದ್ದಲ್ಲ, ರಾತ್ರಿಯೆಲ್ಲ ರಸ್ತೆಯಲ್ಲಿ ನಿಂತು ತಿಳಿದದ್ದು.

ಈ ಮಾತು ಈಗ ಬರೆಯಲು ಕಾರಣ ಇನ್ನೊಂದು ಗುಡ್ಡ. ಮಗಳು, ಅಳಿಯ ಅಮೆರಿಕದ ಕೊಲರಾಡೊ ರಾಜ್ಯದ ಫೋರ್ಟ್ ಕಾಲಿನ್ಸ್ ಎಂಬ ಊರಲ್ಲಿದ್ದಾರೆ. ಹೋದ ವರ್ಷ ಜುಲೈನಲ್ಲಿ ನಾನೂ ನನ್ನ ಹೆಂಡತಿಯೂ ಅಲ್ಲಿಗೆ ಹೋಗಿದ್ದಾಗ ಮನೆಮಂದಿಯೆಲ್ಲ ಸೇರಿ ರಾಕಿ ಮೌಂಟನ್ ನ್ಯಾಷನಲ್ ಪಾರ್ಕಿಗೆ ಹೋದೆವು. 1915ರ ಜನವರಿಯಲ್ಲಿ ಅಮೆರಿಕದ ಸರ್ಕಾರ ರಾಷ್ಟ್ರೀಯ ಉದ್ಯಾನವೆಂದು ಘೋಷಿಸಿದ ಪರ್ವತಸೀಮೆ ಅದು. ಹತ್ತಿರ ಹತ್ತಿರ 1,075 ಚದರ ಕಿಲೋಮೀಟರ್. ಅದರೊಳಗಿನ ಟ್ರೇಲ್ ರಿಡ್ಜ್ ರಸ್ತೆ 12,183 ಅಡಿ ಎತ್ತರಕ್ಕೆ ಏರುತ್ತದೆ. ವರ್ಷಕ್ಕೆ 40 ಲಕ್ಷಕ್ಕೂ ಹೆಚ್ಚು ಜನ ಬರುತ್ತಾರೆ. ಈ ಕೊನೆಯ ಲೆಕ್ಕ ಕೇಳಿದ ಕೂಡಲೇ ನನ್ನ ಕಿವಿ ನೆಟ್ಟಗಾದವು. ಇಷ್ಟು ಜನರನ್ನು ಇಕ್ಕಟ್ಟಾದ ಗುಡ್ಡದ ದಾರಿಯಲ್ಲಿ ಹತ್ತಿಸಿ ಇಳಿಸುವವರು ಯಾರು, ಹೇಗೆ?

ಫೋರ್ಟ್ ಕಾಲಿನ್ಸಿನಿಂದ ಹೋಗುವ ದಾರಿ ಬಿಗ್ ಥಾಂಪ್ಸನ್ ಎಂಬ ಹೊಳೆಯ ಕೊಳ್ಳದಲ್ಲಿ ಹಾಯುತ್ತದೆ. ಎರಡೂ ಕಡೆ ಕಡಿದಾದ ಬಂಡೆ, ನಡುವೆ ಹೊಳೆ, ಹೊಳೆಯ ಮಗ್ಗುಲಿಗೇ ರಸ್ತೆ. 1976ರ ಜುಲೈ 31ರ ರಾತ್ರಿ ಈ ಕೊಳ್ಳದಲ್ಲಿ ಬಂದ ನೆರೆಗೆ 140ಕ್ಕೂ ಹೆಚ್ಚು ಜನ ಸತ್ತರಂತೆ. ನೀರು ಬಂದರೆ ವಾಹನ ಬಿಟ್ಟು ಗುಡ್ಡ ಹತ್ತಿ ಎಂಬ ಫಲಕಗಳು ಆ ಕೊಳ್ಳದಲ್ಲಿ ಇವತ್ತಿಗೂ ಇವೆ. ನನ್ನ ಹೆಂಡತಿಯ ತವರು ರಾಮದುರ್ಗ. 2019ರ ಆಗಸ್ಟಿನಲ್ಲಿ ಮಲಪ್ರಭೆ ಊರೊಳಗೆ ನುಗ್ಗಿದ್ದನ್ನು ಅವಳ ಮಂದಿ ಕಣ್ಣಾರೆ ಕಂಡವರು. ಫಲಕದಲ್ಲಿ ಏನು ಬರೆದಿದೆ ಅಂತ ಮಗಳು ಓದಿ ಹೇಳಿದಾಗ ನನ್ನ ಹೆಂಡತಿ ಮುಂದೆ ಬಹಳ ಹೊತ್ತು ಹೊಳೆಯ ಕಡೆಗೇ ನೋಡುತ್ತ ಕೂತಿದ್ದಳು.

ಪಾರ್ಕಿನ ಬಾಗಿಲಿಗೆ ಅಂಟಿಕೊಂಡಂತೆ ಎಸ್ಟೆಸ್ ಪಾರ್ಕ್ ಎಂಬ ಊರು. ಲಾಡ್ಜು, ಹೋಟೆಲು, ಐಸ್ ಕ್ರೀಮ್, ಟೊಪ್ಪಿಗೆ, ಆಟದ ಸಾಮಾನು, ಎಲ್ಲ ಅಲ್ಲೇ. ಅಲ್ಲಿಂದ ಗೇಟು ದಾಟಿ ಒಳಗೆ ಹೋದರೆ ವ್ಯಾಪಾರವೇ ಇಲ್ಲ. ತಾಸುಗಟ್ಟಲೆ ಏರಿದ ಮೇಲೆ ನೆತ್ತಿಯ ಹತ್ತಿರ ಒಂದು ಮಾಹಿತಿ ಕೇಂದ್ರ, ಅದರ ಬಾಜೂಕ್ಕೆ ತಿಂಡಿ, ನೆನಪಿನ ಸಾಮಾನು ಮಾರುವ ಒಂದು ಅಂಗಡಿ, ಅಷ್ಟೇ. ರಾತ್ರಿ ಉಳಿಯಬೇಕೆಂದರೆ ಡೇರೆ ಹಾಕಲು ಗೊತ್ತುಮಾಡಿದ ಬಯಲುಗಳಿವೆ. ಲಾಡ್ಜು ಒಂದೂ ಇಲ್ಲ. "ಇಷ್ಟ ಮಂದಿ ಬರ್ತಾರ, ಒಂದು ಅಂಗಡಿ ಸಾಲು ಇಲ್ಲಲ್ರೀ ಇಲ್ಲೆ" ಅಂದಳು ನನ್ನ ಹೆಂಡತಿ. ಮಗಳು ಹೇಳಿದ ಸಂಗತಿ ಆಗ ನನ್ನ ಮನಸ್ಸಿಗೆ ನಾಟಿತು. ಮೊದಲು ಇತ್ತಂತೆ. ಒಳಗಿನ ಮೊರೇನ್ ಪಾರ್ಕ್ ಎಂಬ ಹುಲ್ಲುಬಯಲಿನಲ್ಲಿ ಸ್ಟೆಡ್ಸ್ ರ‍್ಯಾಂಚ್ ಎಂಬ ಹೋಟೆಲಿತ್ತು, ಅದರ ಪಕ್ಕ ಗಾಲ್ಫ್ ಮೈದಾನವೂ ಇತ್ತು. 1962ರಲ್ಲಿ ಸರ್ಕಾರ ಅದನ್ನು ದುಡ್ಡು ಕೊಟ್ಟು ಕೊಂಡಿತು, ಕಟ್ಟಡಗಳನ್ನು ತೆಗೆಸಿಹಾಕಿತು. ಹಿಮದ ಮೇಲೆ ಜಾರುವ ಆಟಕ್ಕೆಂದು ಹಿಡನ್ ವ್ಯಾಲಿ ಎಂಬಲ್ಲಿ ಮಾಡಿದ್ದ ಏರ್ಪಾಡೂ 1991ರಲ್ಲಿ ಮುಚ್ಚಿತು. ನಾವು ಆ ಬಯಲಿನ ಅಂಚಿಗೆ ನಿಂತು ನೋಡಿದೆವು. ಮೊಣಕಾಲೆತ್ತರದ ಹುಲ್ಲು, ನಡುವೆ ಸುತ್ತಿ ಸುತ್ತಿ ಹರಿಯುವ ತೊರೆ, ದೂರದಲ್ಲಿ ಎಲ್ಕ್ ಎಂಬ ದೊಡ್ಡ ಜಿಂಕೆಯ ಹಿಂಡು. ಹೋಟೆಲಿನ ಒಂದು ಕಲ್ಲೂ ನನಗೆ ಕಾಣಲಿಲ್ಲ.

ಕಟ್ಟುವುದಕ್ಕೆ ಒಂದು ಸಲ ದುಡ್ಡು, ಕೊಳ್ಳುವುದಕ್ಕೆ ಇನ್ನೊಂದು ಸಲ, ಕೆಡವುವುದಕ್ಕೆ ಮೂರನೆಯ ಸಲ. ಅಷ್ಟು ಸಿರಿವಂತ ದೇಶಕ್ಕೇ ಇದು ಸುಲಭದ ಕೆಲಸ ಆಗಿರಲಿಕ್ಕಿಲ್ಲ. ನಮ್ಮ ಗುಡ್ಡದ ನೆತ್ತಿಯಲ್ಲಿ ಒಮ್ಮೆ ಸಿಮೆಂಟು ಸುರಿದರೆ ಅದನ್ನು ತೆಗೆಸುವ ಸರ್ಕಾರ ನಮ್ಮ ಮೊಮ್ಮಕ್ಕಳ ಕಾಲಕ್ಕೂ ಬರುವುದಿಲ್ಲ.

ಬಸ್ಸಿನ ವಿಷಯವನ್ನು ನಾನು ಸ್ವಲ್ಪ ಉದ್ದ ಹೇಳುತ್ತೇನೆ, ಅದು ನನ್ನ ಕಸುಬು. ಬೇಸಿಗೆಯ ತಿಂಗಳುಗಳಲ್ಲಿ ಆ ಪಾರ್ಕಿಗೆ ಕಾರು ಒಯ್ಯಬೇಕಾದರೆ ಹೊತ್ತು ಕಾಯ್ದಿರಿಸಬೇಕು. 2020ರಿಂದ ಶುರುವಾದ ಪದ್ಧತಿ. "ಎರಡು ತಾಸಿನೊಳಗ ಗೇಟ್ ದಾಟಬೇಕ್ರಿ ಮಾವಾರ, ಹೊತ್ತು ಮೀರಿದ್ರ ಬಿಡೂದಿಲ್ಲ" ಅಂತ ಅಳಿಯ ಬೆಳಿಗ್ಗೆಯಿಂದ ಅವಸರ ಮಾಡುತ್ತಲೇ ಇದ್ದ. ಪಾರ್ಕಿನೊಳಗೆ ಎಲ್ಲರೂ ಹೋಗಲು ಬಯಸುವ ಜಾಗ ಬೇರ್ ಲೇಕ್, ಒಂಬತ್ತು ಸಾವಿರ ಅಡಿಗೂ ಮೇಲಿರುವ ಸಣ್ಣ ಕೆರೆ. ಕೆರೆಯ ದಂಡೆಯಲ್ಲಿ ಕಾರು ನಿಲ್ಲಿಸುವ ಜಾಗ ಬೇಗ ತುಂಬಿಬಿಡುತ್ತದೆ. ಅದಕ್ಕೆ ಕೆರೆಗೆ ಹೋಗುವ ದಾರಿಯ ನಡುವೆಯೇ ಒಂದು ದೊಡ್ಡ ಪಾರ್ಕಿಂಗ್ ಬಯಲು ಮಾಡಿದ್ದಾರೆ. ಕಾರು ಅಲ್ಲಿ ಬಿಡುವುದು, ಪಾರ್ಕಿನವರ ಬಸ್ಸು ಹತ್ತುವುದು. ಟಿಕೆಟ್ ಇಲ್ಲ. ನಾನು ಮೊಮ್ಮಗಳ ಕೈ ಹಿಡಿದು ಸಾಲಿನಲ್ಲಿ ನಿಂತು ಗಡಿಯಾರ ನೋಡುತ್ತಿದ್ದೆ. ಒಂದು ಬಸ್ಸು ತುಂಬಿತು, ಡ್ರೈವರ್ ಬಾಗಿಲು ಮುಚ್ಚಿದ, ಹೊರಟ. ಹಿಂದೆ ಉಳಿದವರು ಕೂಗಲಿಲ್ಲ, ಓಡಲಿಲ್ಲ. ಯಾಕೆಂದರೆ ಮುಂದಿನ ಬಸ್ಸು ಬರುತ್ತದೆಂದು ಅವರಿಗೆ ಗೊತ್ತು, ಬಂತು ಕೂಡ. ಗಾಲಿ ಕುರ್ಚಿಯಲ್ಲಿದ್ದ ಒಬ್ಬ ಮುದುಕಿಯನ್ನು ಹತ್ತಿಸಲು ಡ್ರೈವರ್ ತಾನೇ ಇಳಿದು ಹಲಗೆ ಹಾಸಿ, ಕುರ್ಚಿಯ ಗಾಲಿಗೆ ಪಟ್ಟಿ ಬಿಗಿದು, ಆಮೇಲೆ ಉಳಿದವರನ್ನು ಕರೆದ. ಅಷ್ಟು ಹೊತ್ತೂ ಎಲ್ಲರೂ ಸುಮ್ಮನೆ ನಿಂತಿದ್ದರು.

ಬಸ್ಸು ಬರುತ್ತದೆ ಎಂಬ ನಂಬಿಕೆ ಇದ್ದರೆ ಜನ ನೂಕಾಡುವುದಿಲ್ಲ. ಜನರ ಸ್ವಭಾವವೇ ಕೆಟ್ಟದ್ದು, ನಮ್ಮ ಮಂದಿಗೆ ಶಿಸ್ತಿಲ್ಲ ಎಂದು ಬೈಯುವವರ ಮಾತು ನಾನು ಸೇವೆಯುದ್ದಕ್ಕೂ ಕೇಳಿದ್ದೇನೆ, ಒಪ್ಪಿಲ್ಲ. ಕೊನೆಯ ಬಸ್ಸು ಯಾವುದೆಂದು ತಿಳಿಯದ ಕಡೆ, ಕೈಕೂಸು ಎತ್ತಿಕೊಂಡ ತಾಯಿ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯದೆ ಇನ್ನೇನು ಮಾಡಬೇಕು?

ಈಗ ನಮ್ಮ ಗುಡ್ಡಕ್ಕೆ ಬರೋಣ. ಭರತ ಹುಣ್ಣಿಮೆಯ ಹಿಂದಿನ ರಾತ್ರಿ ಸವದತ್ತಿ ಕಡೆಯಿಂದ, ಜೋಗುಳಬಾವಿ ಕಡೆಯಿಂದ, ಉಗರಗೋಳದ ಕಡೆಯಿಂದ, ನರಗುಂದದ ಕಡೆಯಿಂದ ಎಲ್ಲ ದಾರಿಯೂ ಮೇಲಕ್ಕೆ ಮುಖ ಮಾಡಿರುತ್ತವೆ. ಕೊಲ್ಹಾಪುರ, ಸಾಂಗಲಿ, ಸೊಲ್ಲಾಪುರದಿಂದ ಬಂದ ಜೀಪು, ಟೆಂಪೊ, ಟ್ರ್ಯಾಕ್ಸು, ಗೋವಾದ ಕಾರುಗಳು, ನಮ್ಮ ಸೀಮೆಯ ಟ್ರ್ಯಾಕ್ಟರು, ಇನ್ನೂ ಹಟ ಬಿಡದೆ ಬರುವ ಚಕ್ಕಡಿಗಳು. ಉಧೋ ಉಧೋ ಎಂಬ ಕೂಗು, ಚೌಡಿಕೆಯ ನಾದ, ತಲೆ ಮೇಲೆ ಜಗ ಹೊತ್ತ ಜೋಗತಿಯರು. ಕಾರಿನವನು ಗುಡಿಯ ಎಷ್ಟು ಹತ್ತಿರ ಸಾಧ್ಯವೋ ಅಷ್ಟು ಹತ್ತಿರ ಹೋಗಲು ನೋಡುತ್ತಾನೆ, ಜಾಗ ಸಿಗದಿದ್ದರೆ ರಸ್ತೆಯ ಅಂಚಿಗೇ ನಿಲ್ಲಿಸಿ ಬಾಗಿಲು ಹಾಕಿಕೊಂಡು ಹೋಗುತ್ತಾನೆ. ಎರಡೂ ಅಂಚಿಗೆ ಹೀಗೆ ನಿಂತರೆ ನಡುವೆ ಒಂದು ಬಸ್ಸು ಹೋಗುವಷ್ಟು ಜಾಗ. ಎದುರಿಂದ ಇನ್ನೊಂದು ಬಂದರೆ ಮುಗಿಯಿತು. 60 ಜನ ಕೂತ ಬಸ್ಸು ನಾಲ್ಕು ಜನ ಬಂದ ಕಾರಿಗಾಗಿ ತಾಸುಗಟ್ಟಲೆ ನಿಲ್ಲುತ್ತದೆ. ಅನ್ಯಾಯ ಇಲ್ಲಿದೆ. ಬಸ್ಸಿನಲ್ಲಿ ಇರುವವರು ಬಡವರು, ಮುದುಕರು, ಹೆಣ್ಣುಮಕ್ಕಳು.

ಒಂದು ಭರತ ಹುಣ್ಣಿಮೆಯ ರಾತ್ರಿ ಮಿರಜ್ ಕಡೆಯಿಂದ ಬಂದಿದ್ದ ಹಿರಿಯರೊಬ್ಬರಿಗೆ ಎದೆನೋವು ಬಂತು. ಆಂಬುಲೆನ್ಸು ಕೆಳಗಿನ ತಿರುವಿನಲ್ಲಿತ್ತು, ಅದರ ದೀಪ ನನಗೆ ಕಾಣುತ್ತಿತ್ತು. ಮೇಲೆ ಬರಲು ದಾರಿ ಇರಲಿಲ್ಲ. ನಾವು ಸೀಟಿ ಊದಿ ಗಂಟಲು ಹರಿದುಕೊಂಡರೂ ಬೀಗ ಹಾಕಿ ಹೋದ ಕಾರನ್ನು ಯಾರು ಸರಿಸಬೇಕು? ಕೊನೆಗೆ ನಾಲ್ಕು ಹುಡುಗರು ಒಂದು ಅಂಗಡಿಯ ಹೊರಸು ಇಸಿದುಕೊಂಡು, ಅದರ ಮೇಲೆ ಅವರನ್ನು ಮಲಗಿಸಿ, ಕಾರುಗಳ ಸಂದಿಯಲ್ಲಿ ಹೊತ್ತು ಇಳಿಸಿದರು. ಅವರು ಉಳಿದರೋ ಇಲ್ಲವೋ ನನಗೆ ತಿಳಿಯಲಿಲ್ಲ. ಇವತ್ತಿಗೂ ಹುಣ್ಣಿಮೆ ಹತ್ತಿರ ಬಂದಾಗ ಆ ಹೊರಸು ಕಣ್ಣ ಮುಂದೆ ಬರುತ್ತದೆ.

ಹಾಗಾದರೆ ಗುಡ್ಡದ ಮೇಲೆ ಇನ್ನೂ ದೊಡ್ಡ ಪಾರ್ಕಿಂಗ್ ಮಾಡಿ ಅನ್ನುತ್ತಾರೆ. ನನ್ನ ಅನುಭವ ಹೇಳುತ್ತದೆ, ಮೇಲೆ ಜಾಗ ಮಾಡಿದಷ್ಟೂ ಮೇಲೆ ಕಾರು ಬರುತ್ತವೆ, ರಸ್ತೆ ಮಾತ್ರ ಅಷ್ಟೇ ಇರುತ್ತದೆ. ಪಾರ್ಕಿಂಗ್ ಕೆಳಗಿರಲಿ. ಸವದತ್ತಿಯ ಹೊರಗೊಂದು, ಉಗರಗೋಳದ ಈಚೆಗೊಂದು, ಮುನವಳ್ಳಿ-ಬೈಲಹೊಂಗಲ ದಾರಿಯಲ್ಲೊಂದು, ರಾಮದುರ್ಗದಿಂದ ಬರುವ ದಾರಿಯಲ್ಲೊಂದು. ಅಲ್ಲಿಂದ ಮೇಲಕ್ಕೆ ಬಸ್ಸು, ಬಸ್ಸು ಮಾತ್ರ. ಲೆಕ್ಕ ಸರಳ. ದಾರಿಯಲ್ಲಿ ಕಾರು ನಿಂತಿರದಿದ್ದರೆ ಒಂದು ಬಸ್ಸು ತಾಸಿಗೆ ಎರಡು ಸುತ್ತು ಹೊಡೆಯಬಹುದು. ಸುತ್ತಿಗೆ 50 ಜನ ಎಂದರೂ 40 ಬಸ್ಸು ಒಂದು ತಾಸಿಗೆ 4 ಸಾವಿರ ಜನರನ್ನು ಮೇಲೆ ಬಿಟ್ಟು, ಅಷ್ಟೇ ಜನರನ್ನು ಕೆಳಗೆ ತರುತ್ತವೆ. ಜಾತ್ರೆಗೆ ಬಸ್ಸು ನಾವು ಬಿಡುತ್ತಲೇ ಇದ್ದೇವೆ. ಅವು ಓಡುವುದಕ್ಕಿಂತ ನಿಲ್ಲುವುದೇ ಹೆಚ್ಚು, ಅಷ್ಟೇ.

ಇದು ಪರದೇಶದ ಬುದ್ಧಿ, ನಮಗೆ ಹೊಂದುವುದಿಲ್ಲ ಎನ್ನುವವರು ಗುಂಡ್ಲುಪೇಟೆಗೆ ಹೋಗಿ ಬರಲಿ. ಬಂಡೀಪುರದ ಕಾಡಿನೊಳಗಿನ ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಖಾಸಗಿ ವಾಹನ ಬಿಡುವುದಿಲ್ಲ. ಎಷ್ಟೇ ದೊಡ್ಡ ಕಾರು ಇರಲಿ, ತಪ್ಪಲಲ್ಲಿ ನಿಲ್ಲಿಸಿ ಸರ್ಕಾರಿ ಬಸ್ಸು ಹತ್ತಬೇಕು. ಜನ ಹತ್ತುತ್ತಾರೆ, ದೇವರ ದರ್ಶನ ಮಾಡಿ ಇಳಿಯುತ್ತಾರೆ. ಚಿಕ್ಕಮಗಳೂರಿನ ಮುಳ್ಳಯ್ಯನಗಿರಿಗೆ ಹೋಗುವ ವಾಹನಗಳಿಗೆ 2025ರ ಸೆಪ್ಟೆಂಬರಿನಿಂದ ಮುಂಚಿತ ನೋಂದಣಿ ಮಾಡಿದ್ದಾರೆ. ನಮ್ಮ ರಾಜ್ಯದಲ್ಲೇ ಆಗುವುದು ನಮ್ಮ ಜಿಲ್ಲೆಯಲ್ಲಿ ಯಾಕೆ ಆಗಬಾರದು?

2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆ ಆಯಿತು. ಯಲ್ಲಮ್ಮನ ಭಕ್ತರಲ್ಲಿ ಹೆಣ್ಣುಮಕ್ಕಳೇ ಹೆಚ್ಚು. ಮಂಗಳವಾರ, ಶುಕ್ರವಾರ ಗುಡ್ಡದ ಬಸ್ಸಿನಲ್ಲಿ ಯಾರಿದ್ದಾರೆಂದು ಒಮ್ಮೆ ನೋಡಬೇಕು. ಮನೆ ಬಿಟ್ಟು ಒಬ್ಬರೇ ಎಲ್ಲೂ ಹೋಗದಿದ್ದ ಹೆಣ್ಣುಮಕ್ಕಳು ಈಗ ಓಣಿಯ ಗೆಳತಿಯರೊಂದಿಗೆ ಬುತ್ತಿ ಕಟ್ಟಿಕೊಂಡು ಬರುತ್ತಾರೆ. ಈ 100 ಕೋಟಿ ಯಾರ ಸಲುವಾಗಿ ಖರ್ಚಾಗಬೇಕು ಎಂಬುದಕ್ಕೆ ಅವರೇ ಉತ್ತರ. ಅವರು ಕಾರಿನ ಪಾರ್ಕಿಂಗ್ ಕೇಳುವುದಿಲ್ಲ. ನೆರಳು, ಕುಡಿಯುವ ನೀರು, ಪಾಯಖಾನೆ ಕೇಳುತ್ತಾರೆ.

ಪಾಯಖಾನೆಯ ಮಾತು ಬಂದಿತಲ್ಲ, ಬಿಡಿಸಿಯೇ ಹೇಳುತ್ತೇನೆ. ಆ ರಾಕಿ ಪಾರ್ಕಿನ ದಾರಿಯುದ್ದಕ್ಕೂ, ನಲ್ಲಿ ನೀರು ಮುಟ್ಟದ ಕಡೆಯೂ, ಗಾಡಿ ನಿಲ್ಲಿಸುವಲ್ಲಿ ಸಣ್ಣ ಸಣ್ಣ ಪಾಯಖಾನೆ ಕಟ್ಟಿದ್ದಾರೆ. ನೆಲದೊಳಗೆ ದೊಡ್ಡ ತೊಟ್ಟಿ, ಮೇಲೆ ಗಾಳಿ ಹೋಗುವ ಕೊಳವೆ, ನೀರಿನ ಹಂಗಿಲ್ಲ. ತುಂಬಿದಾಗ ಲಾರಿ ಬಂದು ಎಳೆದುಕೊಂಡು ಹೋಗುತ್ತದೆ. ನನ್ನ ಹೆಂಡತಿ ಹೊರಗೆ ಬಂದು ಅಂದಳು, "ಬ್ಯಾರೆ ಏನೂ ಬ್ಯಾಡ್ರಿ. ಇದೊಂದು ನಮ್ಮ ಗುಡ್ಡಕ್ಕ ಬರ್ಲಿ." ಅವಳು ಸಣ್ಣವಳಿದ್ದಾಗ ರಾಮದುರ್ಗದಿಂದ ಚಕ್ಕಡಿಯಲ್ಲಿ ಗುಡ್ಡಕ್ಕೆ ಬರುತ್ತಿದ್ದವಳು. ಕತ್ತಲಾಗುವವರೆಗೆ ಕಾಯುವುದೆಂದರೇನು, ನೀರು ಕುಡಿಯದೆ ದಿನ ದೂಡುವುದೆಂದರೇನು ಎಂದು ಅವಳಿಗೆ ಗೊತ್ತು. ಗಂಡಸರಿಗೆ ಒಂದು ಕಟ್ಟಿದರೆ ಹೆಂಗಸರಿಗೆ ಎರಡು ಕಟ್ಟಬೇಕು. ಜೋಗುಳಬಾವಿಯಲ್ಲಿ, ಎಣ್ಣೆಹೊಂಡದಲ್ಲಿ ಮಿಂದು ಬರುವವರಿಗೆ ಬಟ್ಟೆ ಬದಲಿಸುವ ಮರೆ ಬೇಕು, ಕೂಸಿಗೆ ಹಾಲೂಡಲು ಒಂದು ಮೂಲೆ ಬೇಕು. ಇವನ್ನು ಉದ್ಘಾಟಿಸಿದರೆ ಪೇಪರಿನಲ್ಲಿ ದೊಡ್ಡ ಫೋಟೊ ಬರುವುದಿಲ್ಲ ಎಂಬುದು ನನಗೂ ಗೊತ್ತು. ಆದರೂ ಮೊದಲು ಇವೇ ಆಗಬೇಕು.

ಇಷ್ಟು ಹೊಗಳಿದ ಮೇಲೆ ಆ ಪಾರ್ಕಿನಿಂದ ತರಬಾರದ್ದನ್ನೂ ಹೇಳಲೇಬೇಕು. ಆ ಪರ್ವತಗಳಲ್ಲಿ ಯೂಟ್, ಅರಾಪಹೊ ಎಂಬ ಮೂಲ ಜನಾಂಗಗಳು ಬೇಟೆಯಾಡಿ, ಡೇರೆ ಹಾಕಿ, ತಮ್ಮ ದೇವರನ್ನು ಕಂಡುಕೊಂಡು ಬದುಕಿದ್ದವು. ಬಿಳಿಯರು ಅವರನ್ನು ಅಲ್ಲಿಂದ ಓಡಿಸಿ ದೂರದ ಮೀಸಲು ಸೀಮೆಗಳಿಗೆ ಕಳಿಸಿದರು. 1914ರ ಜುಲೈನಲ್ಲಿ, ಪಾರ್ಕ್ ಆಗುವ ಹಿಂದಿನ ವರ್ಷ, ಕೊಲರಾಡೊ ಮೌಂಟನ್ ಕ್ಲಬ್ಬಿನವರು ವಯೋಮಿಂಗಿನ ಮೀಸಲು ಸೀಮೆಯಿಂದ ಇಬ್ಬರು ಅರಾಪಹೊ ಹಿರಿಯರನ್ನೂ ಒಬ್ಬ ದುಭಾಷಿಯನ್ನೂ ಕರೆತಂದು ಕುದುರೆ ಮೇಲೆ ಗುಡ್ಡವೆಲ್ಲ ಸುತ್ತಿಸಿದರು. ಯಾವ ಶಿಖರಕ್ಕೆ ನೀವು ಏನನ್ನುತ್ತಿದ್ದಿರಿ, ಈ ಕಣಿವೆಯಲ್ಲಿ ಏನು ನಡೆದಿತ್ತು ಎಂದು ಕೇಳಿ ಬರೆದುಕೊಂಡರು. ಕೆಲವು ಹೆಸರು ಇವತ್ತಿಗೂ ನಕ್ಷೆಯಲ್ಲಿವೆ. ಹೆಸರು ಉಳಿಯಿತು, ಜನ ಮರಳಿ ಬರಲಿಲ್ಲ. ಗುಡ್ಡ ಅಷ್ಟು ಚೊಕ್ಕವಾಗಿರುವುದರ ಹಿಂದೆ ಈ ನೋವೂ ಇದೆ. ಇದನ್ನು ಮಗಳು ಹೇಳುವಾಗ ನನಗೆ ನಮ್ಮ ಜೋಗತಿಯರು, ಜೋಗಪ್ಪಗಳು, ಕಾಯಿ-ಭಂಡಾರ ಮಾರುವ ಹೆಂಗಸರು, ಬಳೆಗಾರರು ಕಣ್ಣ ಮುಂದೆ ಬಂದರು.

ಯಲ್ಲಮ್ಮನ ಗುಡ್ಡ ಜನರಿಲ್ಲದ ಕಾಡಲ್ಲ. ಅದು ಜನರಿಂದಲೇ ಆದ ಗುಡ್ಡ. ಹೋಳಿಗೆ, ಕಡಬು, ವಡೆ, ಪಲ್ಯ ಮಾಡಿ ಪಡ್ಡಲಗಿ ತುಂಬಿಸುವ ಒಲೆಯ ಹೊಗೆ ಅಲ್ಲಿ ಏಳಲೇಬೇಕು. ದೇವದಾಸಿ ಬಿಡುವ ಪದ್ಧತಿಯನ್ನು 1982ರ ಕಾಯ್ದೆ ಅಪರಾಧವೆಂದಿತು, ಅದು ನ್ಯಾಯವಾದ ಕಾಯ್ದೆ, ಅದರ ಪಾಲನೆಯಲ್ಲಿ ಒಂದಿಷ್ಟೂ ಸಡಿಲ ಇರಬಾರದು. ಆದರೆ ಆ ಪದ್ಧತಿಗೆ ಸಿಕ್ಕು ಮುದುಕಿಯರಾದ ಜೋಗತಿಯರನ್ನು ಈಗ ಅಭಿವೃದ್ಧಿಯ ಹೆಸರಿನಲ್ಲಿ ಗುಡ್ಡದಿಂದ ದಬ್ಬಿದರೆ ಅದು ಎರಡನೆಯ ಅನ್ಯಾಯ. ಬುಟ್ಟಿಯಲ್ಲಿ ಕಾಯಿ, ಕುಂಕುಮ ಮಾರುವವಳಿಗೆ ಬಸ್ಸು ನಿಲ್ಲುವ ಜಾಗದ ಹತ್ತಿರ ನೆರಳಿನ ಕಟ್ಟೆ ಮಾಡಿಕೊಡಿ. ಮಳಿಗೆ ಕಟ್ಟಿ ಹರಾಜು ಹಾಕಿದರೆ ಆ ಹರಾಜಿನಲ್ಲಿ ಅವಳು ಗೆಲ್ಲುವುದಿಲ್ಲ, ಬೆಳಗಾವಿಯಿಂದಲೋ ಹುಬ್ಬಳ್ಳಿಯಿಂದಲೋ ಬಂದವನು ಗೆಲ್ಲುತ್ತಾನೆ.

ಚಕ್ಕಡಿಯನ್ನೂ ತಡೆಯಬಾರದು. ಕಾರು ಕೆಳಗೆ ನಿಲ್ಲಲಿ, ಚಕ್ಕಡಿ ತನ್ನ ಹಳೆಯ ದಾರಿಯಲ್ಲಿ ಬರಲಿ. ಬಿಡಾರ ಹೂಡುವ ಬಯಲಿನಲ್ಲಿ ಬೇವು, ಹುಣಸೆ, ಆಲ ನೆಡಲಿ, ಎತ್ತಿಗೆ ನೀರಿನ ತೊಟ್ಟಿ ಕಟ್ಟಲಿ. ರಾಕಿ ಪಾರ್ಕಿನಲ್ಲಿ ಡೇರೆಯವರಿಗೆ ಬಯಲು ಬಿಟ್ಟು ಲಾಡ್ಜಿಗೆ ಜಾಗ ಕೊಡದೆ ಇರುವುದನ್ನು ನೋಡಿದಾಗ ನನಗೆ ಅನಿಸಿದ್ದು ಇದೇ: ನಮ್ಮ ಚಕ್ಕಡಿಯವರ ಪದ್ಧತಿ ಹಿಂದುಳಿದದ್ದಲ್ಲ, ಗುಡ್ಡಕ್ಕೆ ತಕ್ಕದ್ದು. ಅವರು ಬರುತ್ತಾರೆ, ಮೂರು ಕಲ್ಲಿಟ್ಟು ಅಡುಗೆ ಮಾಡುತ್ತಾರೆ, ಹೋಗುತ್ತಾರೆ, ಕಲ್ಲು ಮಾತ್ರ ಉಳಿಯುತ್ತವೆ. ಉಳಿಯುವ ಕಸವೆಲ್ಲ ಪ್ಲಾಸ್ಟಿಕ್ಕಿನದು, ಅದು ಅಂಗಡಿಯಿಂದ ಬಂದದ್ದು.

ಆ ಪಾರ್ಕಿನಂತೆ ಪ್ರವೇಶದ ಟಿಕೆಟ್ಟೂ ಬೇಡ. ನಾವು ಹೋದಾಗ ಆ ಪಾರ್ಕಿಗೆ ಒಂದು ದಿನಕ್ಕೆ ಒಂದು ಕಾರಿಗೆ 30 ಡಾಲರ್ ಇತ್ತು. 2026ರ ಜನವರಿಯಿಂದ ಪರದೇಶದ ಪ್ರವಾಸಿಗರಿಗೆ ಆ ಪಾರ್ಕೂ ಸೇರಿ 11 ದೊಡ್ಡ ಪಾರ್ಕುಗಳಲ್ಲಿ ತಲೆಗೆ 100 ಡಾಲರ್ ಹೆಚ್ಚಿಗೆ ಹಾಕಿದ್ದಾರೆ. ಈಗ ಹೋಗುವುದಾದರೆ ನಮ್ಮಂಥ ಅಜ್ಜ ಆಯಿ ನೂರು ಸಲ ಯೋಚಿಸಬೇಕು. ತಾಯಿಯ ದರ್ಶನಕ್ಕೆ ಬರುವವರ ಕೈಯಿಂದ ಗುಡ್ಡ ಹತ್ತಲು ದುಡ್ಡು ಕೇಳುವ ದಿನ ಬರಬಾರದು. ಮೊಬೈಲಿನಲ್ಲಿ ಹೊತ್ತು ಕಾಯ್ದಿರಿಸುವುದೂ ಕಾರಿನವರಿಗೆ ಮಾತ್ರ ಇರಲಿ. ಬಸ್ಸಿನಲ್ಲಿ, ಚಕ್ಕಡಿಯಲ್ಲಿ, ಕಾಲ್ನಡಿಗೆಯಲ್ಲಿ ಬರುವವರಿಗೆ ಯಾವ ನೋಂದಣಿಯೂ ಬೇಡ.

ನಡುವೆ ಒಂದು ಮಾತು ಹೇಳಿಬಿಡುತ್ತೇನೆ, ಮಲಪ್ರಭೆಯ ನೀರು ಕುಡಿದವನಿಗೆ ಅದನ್ನು ಬಿಟ್ಟು ಮುಂದೆ ಹೋಗಲು ಆಗದು. ಆ ಪರ್ವತದ ಮೇಲೆ ಮಿಲ್ನರ್ ಪಾಸ್ ಎಂಬಲ್ಲಿ ಒಂದು ಫಲಕವಿದೆ: ಇಲ್ಲಿಂದ ಆಚೆ ಬಿದ್ದ ನೀರು ಪೆಸಿಫಿಕ್ ಸಾಗರಕ್ಕೆ, ಈಚೆ ಬಿದ್ದದ್ದು ಅಟ್ಲಾಂಟಿಕ್ಕಿಗೆ. ಮೊಮ್ಮಗಳು ಅಲ್ಲಿ ಆ ಕಡೆ ಈ ಕಡೆ ಕುಣಿದಾಡುತ್ತಿದ್ದಾಗ ನಾನು ಮಲಪ್ರಭೆ ಹುಟ್ಟುವ ಕಣಕುಂಬಿಯನ್ನು ನೆನೆದೆ. ಒಂದೇ ಸೀಮೆಯಲ್ಲಿ ಬಿದ್ದ ಮಳೆ, ಮಲಪ್ರಭೆಯಾಗಿ ಪೂರ್ವಕ್ಕೆ ನಮ್ಮ ಕಡೆ ಬರುತ್ತದೆ, ಮಹದಾಯಿಯಾಗಿ ಪಶ್ಚಿಮಕ್ಕೆ ಗೋವಾಕ್ಕೆ ಹೋಗುತ್ತದೆ. ಅಮೆರಿಕದವರು ಆ ಪಾರ್ಕಿನ ಅಡಿಯಲ್ಲೇ 13 ಮೈಲಿ ಉದ್ದದ ಸುರಂಗ ಕೊರೆದು 1947ರಿಂದ ಪಶ್ಚಿಮದ ನೀರನ್ನು ಪೂರ್ವದ ಹೊಲಗಳಿಗೆ ತಂದುಕೊಂಡಿದ್ದಾರೆ. ನಮ್ಮಲ್ಲಿ ಮಹದಾಯಿ ನೀರಿನ ಹಂಚಿಕೆಯ ಬಗ್ಗೆ ನ್ಯಾಯಮಂಡಳಿ 2018ರ ಆಗಸ್ಟಿನಲ್ಲಿ ತೀರ್ಪು ಕೊಟ್ಟಿತು, 2020ರ ಫೆಬ್ರುವರಿಯಲ್ಲಿ ಅದು ಗೆಜೆಟ್ಟಿನಲ್ಲೂ ಬಂತು. ಆದರೆ ಮಲಪ್ರಭೆಯ ನವಿಲುತೀರ್ಥದ ಜಲಾಶಯ ತುಂಬಲಿ ಎಂದು ಕಾಯುವ ರೈತ ಇನ್ನೂ ಕಾಯುತ್ತಲೇ ಇದ್ದಾನೆ. ಇದರ ಬಗ್ಗೆ ಬರೆಯಲು ನನಗಿಂತ ತಿಳಿದವರಿದ್ದಾರೆ.

ಮತ್ತೆ ನನ್ನ ವಿಷಯಕ್ಕೆ. ಕೆಳಗೆ ಕಟ್ಟಿದರೆ ಲಾಭ ಯಾರಿಗೆ? ಸವದತ್ತಿ ಊರಿಗೆ. ಈಗ ಗುಡ್ಡಕ್ಕೆ ಬರುವ ಗಾಡಿಗಳು ಊರಿನ ಮೂಲಕ ಧೂಳೆಬ್ಬಿಸಿಕೊಂಡು ನೇರ ಮೇಲೆ ಹೋಗುತ್ತವೆ, ದರ್ಶನ ಮುಗಿಸಿ ನೇರ ಇಳಿದು ಹೋಗುತ್ತವೆ. ಯಾತ್ರಿ ನಿವಾಸ ಊರಿನಲ್ಲಿದ್ದರೆ ಜನ ಊರಿನಲ್ಲಿ ಉಳಿಯುತ್ತಾರೆ. ಖಾನಾವಳಿಯಲ್ಲಿ ರೊಟ್ಟಿ ಬಡಿಯುವವರಿಗೆ, ಲಾಡ್ಜಿನವರಿಗೆ, ಆಟೊದವರಿಗೆ, ಬಳೆ-ಕುಬಸದ ಅಂಗಡಿಯವರಿಗೆ ದುಡಿಮೆ ಹುಟ್ಟುತ್ತದೆ. ರಾತ್ರಿ ಉಳಿದವನು ಮರುದಿನ ನವಿಲುತೀರ್ಥ ನೋಡುತ್ತಾನೆ, ಹೂಲಿಯ ಪಂಚಲಿಂಗೇಶ್ವರ, ಶಿರಸಂಗಿಯ ಕಾಳಮ್ಮ, ಪರಸಗಡ ಕೋಟೆ ನೋಡುತ್ತಾನೆ. ಒಂದು ಬಸ್ಸು ರಾಮದುರ್ಗದ ಕಡೆ ಸುರೇಬಾನದ ಶಬರಿಕೊಳ್ಳಕ್ಕೆ, ಗೊಡಚಿ ವೀರಭದ್ರನಿಗೆ ಹೋಗಬಹುದು. ಇನ್ನೊಂದು ಸೊಗಲದ ಜಲಪಾತ ನೋಡಿಕೊಂಡು, ಬೈಲಹೊಂಗಲದಲ್ಲಿ ಚನ್ನಮ್ಮನ ಸಮಾಧಿಗೆ ಕೈಮುಗಿದು, ಕಿತ್ತೂರಿನ ಕೋಟೆ ಮುಟ್ಟಿ ಹೆದ್ದಾರಿ ಸೇರಬಹುದು. ರೂಟ್ ನಾನು ಕಣ್ಣು ಮುಚ್ಚಿ ಹೇಳಬಲ್ಲೆ. ಒಂದು ಗುಡ್ಡದ ನೆತ್ತಿಗೆ ಸುರಿಯುವ ದುಡ್ಡು ನಾಲ್ಕು ಊರುಗಳಿಗೆ ಹರಿಯುತ್ತದೆ.

ಎಲ್ಲಿ ಎಂಬ ಪ್ರಶ್ನೆಯನ್ನು ನಮ್ಮ ಜನ ಮೊದಲೂ ಕೇಳಿದ್ದಾರೆ. ಕಿತ್ತೂರು ಅರಮನೆಯ ಪ್ರತಿರೂಪವನ್ನು ಬಚ್ಚನಕೇರಿ ಹತ್ತಿರ ಕಟ್ಟುವ ಮಾತು ಬಂದಾಗ ಕಿತ್ತೂರಿನವರು ಕೋಟೆಯ ಹತ್ತಿರವೇ ಆಗಬೇಕೆಂದು ಬೀದಿಗಿಳಿದರು. ಜಾಗ ತಪ್ಪಿದರೆ ಕಟ್ಟಡದ ಅರ್ಥವೇ ತಪ್ಪುತ್ತದೆ ಎಂದು ಅವರಿಗೆ ಅನಿಸಿತ್ತು. ಸವದತ್ತಿಯವರಿಗೂ ಆ ಹಕ್ಕಿದೆ, ಅವರು ಅದನ್ನು ಇನ್ನೂ ಕೇಳಬೇಕಾಗಿದೆ.

ರಾಕಿ ಪಾರ್ಕಿನಿಂದ ತರಬಹುದಾದದ್ದು ಇನ್ನೊಂದಿದೆ. ಅಲ್ಲಿನ ಮಾಹಿತಿ ಕೇಂದ್ರದಲ್ಲಿ ಮಕ್ಕಳಿಗೊಂದು ಪುಸ್ತಕ ಕೊಡುತ್ತಾರೆ. ಹೂವು, ಪ್ರಾಣಿ, ಕಸ, ನೀರಿನ ಬಗ್ಗೆ ಪ್ರಶ್ನೆ. ಉತ್ತರ ಬರೆದು ತೋರಿಸಿದರೆ ರೇಂಜರ್ ಬಲಗೈ ಎತ್ತಿಸಿ ಪ್ರಮಾಣ ಮಾಡಿಸಿ ಒಂದು ಬಿಲ್ಲೆ ಕೊಡುತ್ತಾರೆ. ಮೊಮ್ಮಗಳು ಆ ಬಿಲ್ಲೆ ಹಚ್ಚಿಕೊಂಡ ಮೇಲೆ ನನಗೆ ಮರವಿಲ್ಲದ ಎತ್ತರದಲ್ಲಿ ದಾರಿ ಬಿಟ್ಟು ಒಂದು ಹೆಜ್ಜೆ ಇಡಲೂ ಬಿಡಲಿಲ್ಲ. "ಅಜ್ಜಾ, ಅಲ್ಲಿ ತುಳೀಬ್ಯಾಡ, ಆ ಗಿಡಾ ಬೆಳೀಲಿಕ್ಕೆ ಭಾಳ ವರ್ಷ ಬೇಕು." ಬೆರಳಿನಷ್ಟೂ ಎತ್ತರವಿಲ್ಲದ ಗಿಡಗಳವು. ಒಮ್ಮೆ ತುಳಿದು ಕೆಟ್ಟ ನೆಲ ಸರಿಯಾಗಲು ನೂರಾರು ವರ್ಷ ಹಿಡಿಯಬಹುದಂತೆ. ಸವದತ್ತಿ, ಉಗರಗೋಳ, ಮುನವಳ್ಳಿಯ ಸಾಲಿ ಮಕ್ಕಳಿಗೆ ಇಂಥದ್ದೊಂದು ಪುಸ್ತಕ ಮಾಡಿಕೊಟ್ಟರೆ, ಜಾತ್ರೆಯ ದಿನ ಅವರ ಎದೆಗೊಂದು ಬಿಲ್ಲೆ ಹಚ್ಚಿದರೆ, ಪ್ಲಾಸ್ಟಿಕ್ ಎಸೆಯುವ ದೊಡ್ಡವರ ಕೈ ಅವರೇ ಹಿಡಿಯುತ್ತಾರೆ. ಇದಕ್ಕೆ ಕೋಟಿ ಬೇಕಿಲ್ಲ.

ಮಂಡಳಿಯವರಲ್ಲಿ, ಜಿಲ್ಲಾಡಳಿತದಲ್ಲಿ ನನ್ನ ಬೇಡಿಕೆ ಇಷ್ಟು. ಮುಂದಿನ ಬನದ ಹುಣ್ಣಿಮೆಗೆ ಒಂದು ಪ್ರಯೋಗ ಮಾಡಿ. ಎರಡು ದಿನ ಮಾತ್ರ. ಕೆಳಗೆ ನಾಲ್ಕು ಕಡೆ ಹೊಲದವರಿಗೆ ಬಾಡಿಗೆ ಕೊಟ್ಟು ಬಯಲು ಹಿಡಿಯಿರಿ, ಖಾಸಗಿ ಕಾರು ಅಲ್ಲೇ ನಿಲ್ಲಲಿ, ಮೇಲಕ್ಕೆ ಬಸ್ಸು, ಆಂಬುಲೆನ್ಸು, ಚಕ್ಕಡಿ ಮಾತ್ರ ಬಿಡಿ. ನಡೆಯಲಾಗದವರಿಗೆ, ಕೈಕೂಸಿನ ತಾಯಂದಿರಿಗೆ ಮೊದಲ ಸಾಲು ಕೊಡಿ. ಕೊನೆಯ ಬಸ್ಸು ಎಷ್ಟು ಹೊತ್ತಿಗೆ ಎಂದು ಕನ್ನಡದಲ್ಲೂ ಮರಾಠಿಯಲ್ಲೂ ದೊಡ್ಡದಾಗಿ ಬರೆಸಿ, ಮೈಕಿನಲ್ಲಿ ಕೂಗಿಸಿ. ಹುಣ್ಣಿಮೆ ಮುಗಿದ ವಾರ ಸವದತ್ತಿಯಲ್ಲಿ ಒಂದು ಸಭೆ ಕರೆಯಿರಿ. ಡ್ರೈವರುಗಳು, ಕಂಡಕ್ಟರುಗಳು, ಪೊಲೀಸರು, ಪೂಜಾರಿಗಳು, ಜೋಗತಿಯರು, ಕಾಯಿ ಮಾರುವವರು, ಚಕ್ಕಡಿಯ ರೈತರು ಎಲ್ಲರೂ ಬರಲಿ. ಎಷ್ಟು ಬಸ್ಸು ಓಡಿತು, ಒಂದು ಸುತ್ತಿಗೆ ಎಷ್ಟು ಹೊತ್ತು ಹಿಡಿಯಿತು, ಎಲ್ಲಿ ಸಿಕ್ಕಿಬಿತ್ತು ಎಂಬ ಲೆಕ್ಕವನ್ನು ಎಲ್ಲರ ಮುಂದೆ ಇಡಿ. ಸಿಮೆಂಟಿನ ಟೆಂಡರ್ ಅದಾದ ಮೇಲೆ ಕರೆಯಿರಿ.